ರಾಜಲಕ್ಷ್ಮಮ್ಮ ಕುಡಿಯದ ನೀರು

ಬಡವನಹಳ್ಳಿ ದಾಟಿ ಶಿರಾ ಕಡೆಗೆ ಹೊರಟರೆ, ಊರಿನ ಕೊನೆಯ ಮನೆ ಹಿಂದೆ ಬಿದ್ದ ಸ್ವಲ್ಪ ಹೊತ್ತಿಗೆ ಎಡಗಡೆ ಒಂದು ದೊಡ್ಡ ಹುಣಸೆಮರ ಸಿಗುತ್ತದೆ. ಅಲ್ಲಿ ನಿಲ್ದಾಣವೆಂಬುದು ಯಾವತ್ತೂ ಇರಲಿಲ್ಲ. ಆದರೂ ಬೇಸಿಗೆ ಬಂತೆಂದರೆ ಬಸ್ಸು, ಲಾರಿ, ಮೊಪೆಡ್ಡು ಎಲ್ಲವೂ ಆ ನೆರಳಿಗೆ ಬಂದು ನಿಲ್ಲುತ್ತಿದ್ದವು. ಮರದಡಿ ರಾಜಲಕ್ಷ್ಮಮ್ಮನ ಅರವಟ್ಟಿಗೆ ಇತ್ತು.

ಅರವಟ್ಟಿಗೆ ಎಂದರೆ ದೊಡ್ಡ ಏರ್ಪಾಡೇನಲ್ಲ. ತೆಂಗಿನ ಗರಿ ಹೊದಿಸಿದ ಚಪ್ಪರ, ಅದರೊಳಗೆ ಒದ್ದೆ ಮರಳಿನಲ್ಲಿ ಅರ್ಧ ಹೂತು ನಿಲ್ಲಿಸಿದ ಎರಡು ಮಣ್ಣಿನ ಗುಡಾಣ, ಉದ್ದ ಹಿಡಿಯ ಸೌಟು, ಸ್ಟೀಲ್ ಲೋಟಗಳು. ಲೋಟಕ್ಕೆ ಸರಪಳಿ ಕಟ್ಟಿರಲಿಲ್ಲ. ಒಂದು ಲೋಟವೂ ಕಳುವಾಗಿರಲಿಲ್ಲ.

ಗುಡಾಣದ ವಿಷಯದಲ್ಲಿ ರಾಜಲಕ್ಷ್ಮಮ್ಮ ಬಹಳ ಕಟ್ಟುನಿಟ್ಟು. ಮಣ್ಣಿನ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಒಳಗಿನ ನೀರು ಅದರಿಂದ ಜಿನುಗಿ, ಹೊರಗೆ ಆರಿಹೋಗುವಾಗ ಒಳಗಿನ ಶಾಖವನ್ನೂ ತೆಗೆದುಕೊಂಡು ಹೋಗುತ್ತದೆ. ವರ್ಷ ಕಳೆದ ಗುಡಾಣದಲ್ಲಿ ಉಪ್ಪು ಕಟ್ಟಿ ತೂತು ಮುಚ್ಚಿಕೊಳ್ಳುತ್ತವೆ, ನೀರು ತಣ್ಣಗಾಗುವುದಿಲ್ಲ. ಅದಕ್ಕೇ ಆಕೆ ಪ್ರತಿ ಯುಗಾದಿಗೂ ಹೊಸ ಗುಡಾಣ ತರಿಸುತ್ತಿದ್ದಳು. ಊರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ಕಂದುತ್ತದೆ ಎಂದು ಆರೋಗ್ಯ ಇಲಾಖೆಯವರು ಹೇಳಿಹೋದ ಮೇಲೆ ಆ ನೀರನ್ನೂ ಬಿಟ್ಟಳು. ಗಂಡ ಮೂಡಲಗಿರಿಯಪ್ಪ ಬೆಳಗ್ಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿ ಟಿವಿಎಸ್ ಮೇಲೆ ಹೇರಿಕೊಂಡು ಬರುತ್ತಿದ್ದ. ಆಕೆ ಬಿಳಿ ಬಟ್ಟೆಯಲ್ಲಿ ಸೋಸಿ ಗುಡಾಣಕ್ಕೆ ತುಂಬಿ, ಪುಟ್ಟ ಗಂಟು ಕಟ್ಟಿದ ಲಾವಂಚದ ಬೇರನ್ನು ಇಳಿಬಿಡುತ್ತಿದ್ದಳು. ಕುಡಿದವರು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು.

ಆದರೆ ಆ ನೀರನ್ನು ಆಕೆ ಮಾತ್ರ ಕುಡಿಯುತ್ತಿರಲಿಲ್ಲ. ಗಂಡನೂ ಕುಡಿಯುತ್ತಿರಲಿಲ್ಲ.

ಇದು ಅತ್ತೆ ಗಂಗಲಕ್ಷ್ಮಮ್ಮನಿಂದ ಬಂದದ್ದು. ಯುಗಾದಿಯ ದಿನ ಗುಡಾಣ ತುಂಬಿಸಿ, ಅಂಗೈಯಲ್ಲಿ ಒಂದಿಷ್ಟು ನೀರು ಹಿಡಿದು ನೆಲಕ್ಕೆ ಬಿಡುತ್ತಾ ಅತ್ತೆ ಹೇಳುತ್ತಿದ್ದಳು: "ಈ ನೀರು ದಾರೀಲಿ ಹೋಗೋರ್ದು, ನಂದಲ್ಲ." ಅಲ್ಲಿಗೆ ಅದು ಧಾರೆ ಎರೆದ ಹಾಗೆ. ಕೃತ್ತಿಕೆ ಮಳೆ ಬಿದ್ದು ಗುಡಾಣ ಮಗುಚುವವರೆಗೆ ಮನೆಯವರು ಅದನ್ನು ಬಾಯಿಗೆ ಹಾಕುವಂತಿಲ್ಲ. ಧಾರೆ ಎರೆದುಕೊಟ್ಟ ಮಗಳನ್ನು ಯಾರಾದರೂ ಮರಳಿ ಕೇಳುತ್ತಾರೆಯೇ? ಹಾಗೆಯೇ. ಅದಕ್ಕೇ ರಾಜಲಕ್ಷ್ಮಮ್ಮ ತನ್ನ ಪಾಲಿನ ನೀರನ್ನು ಮನೆಯಿಂದ ಒಂದು ಹಳೆಯ ಜ್ಯೂಸ್ ಬಾಟಲಿಯಲ್ಲಿ ತಂದುಕೊಂಡು, ಚಪ್ಪರದ ಕಂಬಕ್ಕೆ ನೇತುಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಬಿಸಿಯಾಗಿರುತ್ತಿತ್ತು. ಪಕ್ಕದಲ್ಲಿ ತಣ್ಣನೆಯ ಗುಡಾಣ ಇಟ್ಟುಕೊಂಡು ಆಕೆ ಆ ಬಿಸಿನೀರು ಕುಡಿಯುವುದನ್ನು ನೋಡಿದರೆ ಹೊಸಬರಿಗೆ ವಿಚಿತ್ರ ಅನಿಸುತ್ತಿತ್ತು. ಹಳಬರಿಗೆ ಗೊತ್ತಿತ್ತು.

ಶಿರಾ ಬಸ್ಸಿನ ಡ್ರೈವರ್ ಬೈಲಪ್ಪ ಹಳಬ. ಇಳಿದು ಬಂದು ನಿಂತಲ್ಲೇ ಎರಡು ಲೋಟ ಎತ್ತಿ ಕುಡಿದು, "ರಾಜಮ್ಮ, ನಿಂದು ಅನ್ಯಾಯ ಕಣಮ್ಮ. ನಮಗೆ ಫ್ರಿಜ್ಜು, ನಿನಗೆ ಒಲೆ" ಎನ್ನುತ್ತಿದ್ದ.

"ಹೋಗ್ಲಾ, ಬಸ್ಸಲ್ಲಿ ಜನ ಬೇಯ್ತಾವ್ರೆ," ಎಂದು ಆಕೆ ಅವನನ್ನು ಅಟ್ಟುತ್ತಿದ್ದಳು.

ಹೀಗೆ ಎಷ್ಟೋ ಬೇಸಿಗೆ ಕಳೆದಿದ್ದವು. ಈ ಬೇಸಿಗೆಯಲ್ಲಿ ಚೇತನ್ ಕುಮಾರ್ ಬಂದ.

ಚೇತನ್ ಊರಿನ ಹಿಟ್ಟಿನ ಗಿರಣಿಯವರ ಮಗ. ಮಧುಗಿರಿಯಲ್ಲಿ ಡಿಗ್ರಿ ಮುಗಿಸಿ, ಫೋನಿನಲ್ಲಿ 'ಮನುಷ್ಯತ್ವದ ಪರೀಕ್ಷೆ' ಎಂಬ ಚಾನೆಲ್ ನಡೆಸುತ್ತಿದ್ದ. ರಸ್ತೆಯಲ್ಲಿ ಪರ್ಸ್ ಬೀಳಿಸಿ ಯಾರು ಎತ್ತಿಕೊಡುತ್ತಾರೆ ನೋಡುವುದು, ಕುರುಡನ ವೇಷ ಹಾಕಿ ಯಾರು ಕೈ ಹಿಡಿಯುತ್ತಾರೆ ನೋಡುವುದು, ಇಂಥವು. ಎತ್ತಿಕೊಡುವವನೂ ಕೈ ಹಿಡಿಯುವವನೂ ಅವನ ಗೆಳೆಯರೇ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಊರಿನ ಆಚೆಗೆ ಯಾರಿಗೂ ಗೊತ್ತಿರಲಿಲ್ಲ.

"ಅಜ್ಜಿ, ಒಂದೇ ಒಂದು ವಿಡಿಯೋ. ನಿನ್ನ ಅರವಟ್ಟಿಗೆ ಲೋಕಕ್ಕೇ ಗೊತ್ತಾಗ್ತದೆ," ಎಂದ ಚೇತನ್. "ಭಿಕ್ಷುಕ ಒಬ್ಬ ಬತ್ತಾನೆ. ಅಲ್ಲಿ ನಿಂತಿರೋರೆಲ್ಲ ಬೈದು ಅಟ್ತಾರೆ. ನೀನು ಕರ್ದು ನೀರು ಕೊಡು. ಅಷ್ಟೇ."

ಭಿಕ್ಷುಕ ಬಂದ. ಮೈತುಂಬ ಬೂದಿ, ಹರಿದ ಬನಿಯನ್ನು. ರಾಜಲಕ್ಷ್ಮಮ್ಮ ಒಂದು ಸಲ ನೋಡಿ ಸೌಟು ಕೆಳಗಿಟ್ಟಳು.

"ಏನ್ಲಾ ಕಿರಣ, ನಿಮ್ಮಪ್ಪ ನೋಡಿದ್ರೆ ಬರೆ ಎಳೀತಾನೆ."

"ಅಯ್ಯೋ ಅಜ್ಜಿ, ಹೆಸ್ರು ಹೇಳ್ಬ್ಯಾಡ! ನಾನ್ಯಾರು ಅಂತ್ಲೇ ನಿಂಗೆ ಗೊತ್ತಿಲ್ಲ," ಎಂದ ಚೇತನ್‌ನ ಗೆಳೆಯ ಕಿರಣ್ ಕುಮಾರ್.

"ಗೊತ್ತಿಲ್ದೆ ಏನು? ನಿನ್ನ ಮೂಗು ಒರೆಸಿದೋಳು ನಾನೇ ಕಣ್ಲಾ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮತ್ತೆ ಮೊದಲಿನಿಂದ ತೆಗೆದರು. ನಗು ಬಂದಾಗಲೆಲ್ಲ ಮತ್ತೆ ತೆಗೆದರು. ಕೊನೆಯ ಸಲ ರಾಜಲಕ್ಷ್ಮಮ್ಮ ಯಾರೂ ಹೇಳಿಕೊಡದೆಯೇ ಕಿರಣನ ತಲೆ ಸವರಿ, "ಬಾ ಮಗ, ಕುಡಿ. ಯಾವ ತಾಯಿ ಹೆತ್ತ ಮಗನೋ ಏನೋ" ಎಂದಳು. ಚೇತನ್ ಕುಣಿದಾಡಿಬಿಟ್ಟ. ಮೂಡಲಗಿರಿಯಪ್ಪ ಟಿವಿಎಸ್ ಮೇಲೆ ಕೂತು ನೋಡುತ್ತಿದ್ದವನು, "ನಿಂಗೂ ನಾಟ್ಕ ಬತ್ತದೆ ಕಣೇ" ಎಂದ. ಆಕೆಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಆ ವಿಡಿಯೋ ಲಕ್ಷಾಂತರ ಜನಕ್ಕೆ ಮುಟ್ಟಿತು. ಕೊರಟಗೆರೆಯಿಂದ ಬೈಕಿನಲ್ಲಿ ಬಂದ ಹುಡುಗರು ಆಕೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕಾರಿನಿಂದ ಇಳಿದ ಒಬ್ಬ ಹೆಂಗಸು ಕಾಲಿಗೆ ನಮಸ್ಕರಿಸಿ, ಕಣ್ಣೊರೆಸಿಕೊಂಡು, "ಆ ಭಿಕ್ಷುಕ ಆಮೇಲೆ ಏನಾದ ಅಜ್ಜಿ?" ಎಂದು ಕೇಳಿದಳು. ಆ ಹೊತ್ತಿನಲ್ಲಿ ಕಿರಣ ಎದುರಿನ ಹೊಲದಲ್ಲಿ ಹಸು ಮೇಯಿಸುತ್ತಿದ್ದ. ರಾಜಲಕ್ಷ್ಮಮ್ಮ ಒಂದು ಲೋಟ ನೀರು ತುಂಬಿ ಕೊಟ್ಟಳು. ಹೆಂಗಸು ಕುಡಿದು ಹೋದ ಮೇಲೂ ಎದೆಯಲ್ಲಿ ಒಂದು ಮುಳ್ಳು ಉಳಿಯಿತು.

ಸ್ವಲ್ಪ ದಿನ ಬಿಟ್ಟು ಚೇತನ್ ಒಬ್ಬನೇ ಬಂದ. ನೀರು ಕುಡಿದು, ಕಂಬದಲ್ಲಿ ನೇತಾಡುತ್ತಿದ್ದ ಬಾಟಲಿಯನ್ನು ತಟ್ಟಿ, "ಇದ್ಯಾಕಜ್ಜಿ? ನೀನ್ಯಾಕೆ ಗುಡಾಣದ್ದು ಕುಡಿಯಲ್ಲ?" ಎಂದು ಕೇಳಿದ.

ಇಷ್ಟು ವರ್ಷದಲ್ಲಿ ಅಷ್ಟು ಅಕ್ಕರೆಯಿಂದ ಅದನ್ನು ಕೇಳಿದವರಿಲ್ಲ. ಆಕೆ ಅತ್ತೆಯ ಕಥೆ ಹೇಳಿದಳು, ಧಾರೆಯ ಕಥೆ ಹೇಳಿದಳು. ಚೇತನ್ ಮಧ್ಯೆ ಬಾಯಿ ಹಾಕದೆ ಕೇಳಿದ.

"ಯಾರು ಏನೇ ಅಂದ್ರೂ ಕುಡಿಯಲ್ವಾ?"

"ಕುಡಿಯಂಗಿಲ್ಲ ಕಣಪ್ಪ."

"ಸೂಪರ್ ಅಜ್ಜಿ," ಎಂದ. ಮರದ ಕವಲನ್ನೊಮ್ಮೆ ನೋಡಿ ಹೊರಟುಹೋದ.

ಮಾರನೆಯ ದಿನ ಮಧ್ಯಾಹ್ನ, ಬೈಲಪ್ಪನ ಬಸ್ಸು ನಿಂತಿದ್ದ ಹೊತ್ತು. ಪ್ರಯಾಣಿಕರು ಇಳಿದು ಲೋಟಕ್ಕೆ ಕೈಚಾಚಿದ್ದರು. ತಾಯೊಬ್ಬಳು ಮಗುವಿಗೆ ಕುಡಿಸುತ್ತಿದ್ದಳು. ಯಾರೂ ಕಂಡಿರದ ನೀಲಿ ಶರ್ಟಿನ ಯುವಕನೊಬ್ಬ ಗಟಗಟನೆ ಕುಡಿದು, ಲೋಟ ಇಟ್ಟು, ನಾಲ್ಕು ಹೆಜ್ಜೆ ಹೋಗಿ ದೊಪ್ಪೆಂದು ಬಿದ್ದ. ಕೈಕಾಲು ಬಡಿದುಕೊಂಡ. ಬಾಯಲ್ಲಿ ನೊರೆ ಬಂತು.

ರಾಜಲಕ್ಷ್ಮಮ್ಮ ಲೋಟ ಹಿಡಿದುಕೊಂಡೇ ಓಡಿದಳು. ಅಷ್ಟರಲ್ಲಿ ಇನ್ನೊಬ್ಬ ಅಪರಿಚಿತ ಆಕೆಗೆ ಅಡ್ಡ ನಿಂತ.

"ಏ ಮುದ್ಕಿ, ನೀರಿಗೆ ಏನು ಹಾಕಿದೀಯ?"

"ಏನೂ ಇಲ್ಲಪ್ಪ, ಲಾವಂಚದ ಬೇರು..."

"ಬೇರಾ? ಯಾವ ಬೇರು? ಹಂಗಾದ್ರೆ ನೀನು ಕುಡಿ ನೋಡಾಣ! ಕೈಯಾಗೇ ಐತಲ್ಲ ಲೋಟ, ಕುಡಿ!"

"ನಾನು ಕುಡಿಯಂಗಿಲ್ಲ."

"ಯಾಕೆ?"

"ಕುಡಿಯಂಗಿಲ್ಲ ಅಂದ್ನಲ್ಲ. ಬುಡಪ್ಪ, ಆ ಹುಡ್ಗನ್ನ ನೋಡೋಣ ಬುಡು!"

ಹಿಂದೆ ಒಂದು ಕೂಗು ಕೇಳಿತು. ಆ ತಾಯಿ ಮಗುವನ್ನು ಮಂಡಿಯ ಮೇಲೆ ಬೋರಲು ಹಾಕಿಕೊಂಡು, ಗಂಟಲಿಗೆ ಎರಡು ಬೆರಳು ತುರುಕಿ, "ಕಕ್ಕು ಮಗ, ಕಕ್ಕು, ಕಕ್ಕು" ಎಂದು ಅಳುತ್ತಿದ್ದಳು. ಮಗುವಿನ ಕಣ್ಣು ಮೇಲಾಗಿದ್ದವು.

ಆಗ ಮರದ ಹಿಂದಿನಿಂದ ಚೇತನ್ ನಗುತ್ತಾ, ಎರಡೂ ಕೈ ಮೇಲೆತ್ತಿಕೊಂಡು ಬಂದ. "ಕ್ಯಾಮೆರಾ ಅಲ್ಲೈತೆ ನೋಡಿ, ಮರದ ಕವಲಲ್ಲಿ! ಯಾರೂ ಗಾಬ್ರಿ ಆಗ್ಬ್ಯಾಡಿ, ಇದು ಪ್ರಯೋಗ!" ನೀಲಿ ಶರ್ಟಿನವನು ಎದ್ದು ಕೂತು ಟೂತ್‌ಪೇಸ್ಟ್ ನೊರೆಯನ್ನು ತೋಳಿನಿಂದ ಒರೆಸಿಕೊಂಡ. ಕೆಲವರು ನಕ್ಕರು. ಪ್ರಯಾಣಿಕನೊಬ್ಬ ಅಮ್ಮ ಅಕ್ಕ ಎಂದೆಲ್ಲ ಚೇತನ್‌ಗೆ ಬೈದ. ಮಗು ವಾಂತಿ ಮಾಡಿಕೊಂಡು ಬಿಕ್ಕುತ್ತಿತ್ತು. ಬೈಲಪ್ಪ ನಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಕುಡಿಯದೆ ಕೆಳಗಿಟ್ಟು ಸೀಟಿಗೆ ಹತ್ತಿದ.

"ಅಜ್ಜಿ, ಹೆದ್ರಿಬುಟ್ಯಾ?" ಎಂದ ಚೇತನ್.

"ಆ ಮಗೀನ ಗಂಟ್ಲಿಗೆ ಬೆಳ್ಳು ಹಾಕಿದ್ಲಲ್ಲೋ ಅವ್ಳು."

"ಅದೇ ಅಜ್ಜಿ ರಿಯಾಕ್ಷನ್ನು! ಆಕ್ಟ್ ಮಾಡು ಅಂತ ಕೇಳಿದ್ರೂ ಹಂಗೆ ಯಾರೂ ಮಾಡಲ್ಲ."

ಚೇತನ್ ಹಾಕಿದ ವಿಡಿಯೋದ ಕೊನೆಯಲ್ಲಿ ಅವನು ಕೈ ಎತ್ತಿ ನಗುವುದೂ ಇತ್ತು, 'ಇದು ಜನಜಾಗೃತಿಗಾಗಿ' ಎಂಬ ಸಾಲೂ ಇತ್ತು. ಆದರೆ ಯಾರೋ ಒಬ್ಬರು ಅದಕ್ಕೆ ಮುಂಚಿನದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಕತ್ತರಿಸಿದರು. ಉಳಿದದ್ದು ಇಷ್ಟೇ: ಒಬ್ಬ ಕುಡಿದ, ಬಿದ್ದ, ಮುದುಕಿಗೆ ಕುಡಿ ಎಂದರು, ಮುದುಕಿ ಕುಡಿಯುವುದಿಲ್ಲ ಎಂದಳು.

ಆ ತುಂಡು ಫೋನಿನಿಂದ ಫೋನಿಗೆ ಹರಿಯಿತು. ಕೊರಟಗೆರೆಗೆ ಹೋಗುವಷ್ಟರಲ್ಲಿ ಬಿದ್ದವನು ಸತ್ತಿದ್ದ. ಪಾವಗಡಕ್ಕೆ ಹೋಗುವಷ್ಟರಲ್ಲಿ ತೆಲುಗಿನ ದನಿಯೊಂದು ಸೇರಿಕೊಂಡಿತ್ತು. ಗುಡಾಣದಲ್ಲಿ ತೇಲುವ ಲಾವಂಚದ ಗಂಟಿನ ಸುತ್ತ ಒಂದು ಕೆಂಪು ಗೆರೆ, ಕಂಬದ ಬಾಟಲಿಯ ಸುತ್ತ ಇನ್ನೊಂದು ಕೆಂಪು ಗೆರೆ ಎಳೆದಿದ್ದರು. 'ತನಗೆ ಬಾಟಲಿ ನೀರು, ಜನಕ್ಕೆ ವಿಷ' ಎಂದು ಬರೆದಿದ್ದರು. ಅಲ್ಲಿ ಕಂಡದ್ದರಲ್ಲಿ ಬಾಟಲಿ ನಿಜ, ಬೇರು ನಿಜ, ಆಕೆ ಕುಡಿಯುವುದಿಲ್ಲ ಎಂದದ್ದೂ ನಿಜ. ಅದೇ ತೊಂದರೆಯಾಯಿತು.

ಮೊದಲು ಲಾರಿಗಳು ನಿಲ್ಲುವುದನ್ನು ಬಿಟ್ಟವು. ಆಮೇಲೆ ಬಸ್ಸು. ಬೈಲಪ್ಪ ಶುರುವಿನಲ್ಲಿ ನಿಲ್ಲಿಸದಿದ್ದರೂ ಹಾರ್ನ್ ಮಾಡಿ ಹೋಗುತ್ತಿದ್ದ. ಒಂದು ದಿನ ಹಾರ್ನೂ ನಿಂತಿತು. ಸಂಜೆ ಆಕೆ ಗುಡಾಣ ನೋಡಿದರೆ, ಕಡಿಮೆಯಾಗಿರುತ್ತಿದ್ದದ್ದು ಗಾಳಿ ಕುಡಿದಷ್ಟು ಮಾತ್ರ. ಮಿಕ್ಕದ್ದನ್ನು ಹುಣಸೆಮರದ ಬುಡಕ್ಕೆ ಸುರಿಯುತ್ತಿದ್ದಳು. ಸುಡುಬೇಸಿಗೆಯಲ್ಲಿ ಆ ಮರದ ಬುಡ ಮಾತ್ರ ಕೆಸರಾಗಿರುತ್ತಿತ್ತು.

ಹೆಲ್ಮೆಟ್ ತೆಗೆಯದ ಒಬ್ಬ ಬಂದು, ಟೆಸ್ಟಿಗೆ ಎಂದು ಹೇಳಿ ಪ್ಲಾಸ್ಟಿಕ್ ಕವರಿನಲ್ಲಿ ನೀರು ಕಟ್ಟಿಕೊಂಡು ಹೋದ. ಟೆಸ್ಟಿನಲ್ಲಿ ಏನು ಬಂತೆಂದು ಯಾರೂ ಬಂದು ಹೇಳಲಿಲ್ಲ. ಬೈಕುಗಳು ನಿಧಾನ ಮಾಡಿ, ಫೋನು ಎತ್ತಿ, "ಇವ್ಳೇ ಕಣ್ಲಾ, ಇವ್ಳೇ" ಎಂದು ಹೇಳಿಕೊಂಡು ಮುಂದಕ್ಕೆ ಹೋಗುತ್ತಿದ್ದವು. ಸಂತೆಯಲ್ಲಿ ಆಕೆ ಮುಟ್ಟಿ ನೋಡಿದ ಬದನೆಕಾಯಿಯನ್ನು ಅಂಗಡಿಯವಳು ಪಕ್ಕಕ್ಕೆ ಎತ್ತಿಟ್ಟಳು. ಒಂದು ಬೆಳಗ್ಗೆ ಬಂದು ನೋಡಿದರೆ ಒಂದು ಗುಡಾಣ ಒಡೆದು ಬಿದ್ದಿತ್ತು. ಕಲ್ಲು ಇನ್ನೂ ಒದ್ದೆ ಮರಳಿನ ಮೇಲೇ ಇತ್ತು. ಎಸೆದವರಿಗೆ ಅದನ್ನು ಬಚ್ಚಿಡಬೇಕು ಅನ್ನಿಸಿರಲಿಲ್ಲ.

ಮೂಡಲಗಿರಿಯಪ್ಪ ಚೂರುಗಳನ್ನು ಆರಿಸಿ ಗೋಣಿಚೀಲಕ್ಕೆ ಹಾಕುತ್ತಾ, "ಈ ವರ್ಷಕ್ಕೆ ಸಾಕು ಬುಡೇ" ಎಂದ. "ಇವತ್ತು ಗುಡಾಣಕ್ಕೆ ಬಿತ್ತು."

"ಧಾರೆ ಎರೆದಿದ್ದೀನಿ. ಕೃತ್ತಿಕೆ ಬರಗಂಟ ನಿಲ್ಲಿಸಂಗಿಲ್ಲ."

"ಯಾರಿಗೆ ಎರೆದಿದ್ದೀಯ? ಕುಡಿಯೋರು ಎಲ್ಲವ್ರೆ?"

"ಬತ್ತಾರೆ. ಈ ಬಿಸ್ಲಲ್ಲಿ ಯಾರಾದ್ರೂ ಬಂದೇ ಬತ್ತಾರೆ."

ಆ ಸಂಜೆ ಇಬ್ಬರೂ ಗಿರಣಿಯವರ ಮನೆಗೆ ಹೋದರು. ಚೇತನ್‌ನ ತಾಯಿ ಕಾಫಿ ತಂದಿಟ್ಟು, ಮಗನ ಮುಖ ನೋಡಿ, ಒಳಗೆ ಹೋದಳು. ಚೇತನ್ ಫೋನನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತಿದ್ದ.

"ಕೊನೇಲಿ ಹಾಕಿದೀನಲ್ಲ ಅಜ್ಜಿ, ಪ್ರಯೋಗ ಅಂತ."

"ಕೊನೇ ಯಾರು ನೋಡ್ತಾರೋ?"

ಅದು ಚೇತನ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ವಿಷಯ. "ಒಂದು ಕೆಲ್ಸ ಮಾಡಾಣ. ಇನ್ನೊಂದು ವಿಡಿಯೋ. ನೀನು ಗುಡಾಣದ ನೀರು ಎತ್ಕೊಂಡು ಕುಡಿ. ಒಂದೇ ಗುಟುಕು. ಎಲ್ಲಾ ಮುಗೀತದೆ."

"ಅದಾಗಲ್ಲ. ನಿನಗೇ ಹೇಳಿದ್ನಲ್ಲ, ಯಾಕೆ ಅಂತ." ಆಗ ಆಕೆಗೆ ಹೊಳೆಯಿತು. "ನಾನು ಹೇಳಿದ್ದಕ್ಕೇ ನೀನು ಹಂಗೆ ಕೇಳ್ಸಿದ್ದಾ? ಕುಡಿ ಅಂತ?"

ಚೇತನ್ ತಲೆ ಎತ್ತಲಿಲ್ಲ.

ಮೂಡಲಗಿರಿಯಪ್ಪ ಲೋಟ ಕುಕ್ಕಿದ. "ಎಲ್ಲಾ ನಾಟ್ಕ, ಎಲ್ಲಾ ಸುಳ್ಳು ಅಂತ ನೀನೇ ಹೇಳ್ಬುಡ್ಲಾ. ಅದನ್ನ ವಿಡಿಯೋ ಮಾಡು."

"ಹೇಳಿದ್ರೆ ಮೊದಲ್ನೇದೂ ಸುಳ್ಳು ಅಂತ ಆಗ್ತದಲ್ಲ ತಾತ. ಅದ್ರಲ್ಲಿ ಅಜ್ಜೀನೂ ಇದ್ದಾರಲ್ಲ." ಅವನ ದನಿ ಒರಟಾಗಿರಲಿಲ್ಲ, ಅಂಜಿಕೆಯಿತ್ತು. "ಕಿರಣನ ತಲೆ ಸವರಿ ಯಾವ ತಾಯಿ ಹೆತ್ತ ಮಗನೋ ಅಂದೋರು ಅಜ್ಜೀನೇ. ಅದು ಗೊತ್ತಾದ್ರೆ ಆಮೇಲೆ ಅಜ್ಜಿ ಏನು ಹೇಳಿದ್ರೂ ಯಾರು ನಂಬ್ತಾರೆ?"

ಮನೆಗೆ ಮರಳುವ ದಾರಿಯುದ್ದಕ್ಕೂ, ಕಾಲಿಗೆ ನಮಸ್ಕರಿಸಿ ಕಣ್ಣೊರೆಸಿಕೊಂಡ ಆ ಹೆಂಗಸಿನ ಮುಖ ರಾಜಲಕ್ಷ್ಮಮ್ಮನ ಕಣ್ಣ ಮುಂದೆಯೇ ಇತ್ತು.

ಮಾರನೆಯ ದಿನ ಉಳಿದ ಒಂದು ಗುಡಾಣವನ್ನೇ ತುಂಬಿಕೊಂಡು ಕೂತಳು. ಅದರ ಮಾರನೆಯ ದಿನವೂ ಕೂತಳು. ಬಿಸಿಲು ಏರುತ್ತಲೇ ಹೋಯಿತು. ಟಾರು ಚಪ್ಪಲಿಗೆ ಅಂಟುತ್ತಿತ್ತು. ಕಾಗೆಗಳು ಬಾಯಿ ತೆರೆದುಕೊಂಡು ಕೂರುತ್ತಿದ್ದವು.

ಅಂಥ ಒಂದು ಮಧ್ಯಾಹ್ನ, ಬಡವನಹಳ್ಳಿ ಕಡೆಯಿಂದ ಒಬ್ಬ ಮುದುಕ ನಡೆದು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹೆಸರು ತಿಮ್ಮರಾಯಪ್ಪ ಎಂದು ಆಮೇಲೆ ಗೊತ್ತಾಯಿತು. ಪಾವಗಡ ಕಡೆಯ ಬಲಸಮುದ್ರದ ಕುರಿಗಾರ. ಅಲ್ಲಿಯ ಮೇವಿನ ಬಯಲೆಲ್ಲ ಸೋಲಾರ್ ಪಾರ್ಕಿನ ಬೇಲಿಯೊಳಗೆ ಹೋದ ಮೇಲೆ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಈ ಕಡೆ ಬರುವುದು ಅವರಿಗೆ ರೂಢಿಯಾಗಿತ್ತು. ಮಗ ಮಂದೆಯ ಜೊತೆ ಮುಂದೆ ಹೋಗಿದ್ದ. ಅಪ್ಪ ಹಿಂದೆ ಉಳಿದುಬಿಟ್ಟಿದ್ದ.

ನೆರಳಿನ ಅಂಚಿಗೆ ಬರುತ್ತಿದ್ದಂತೆ ಅವನ ಕೋಲು ಜಾರಿತು. ಅವನು ಬೀಳಲಿಲ್ಲ, ಕುಸಿದ. ರಾಜಲಕ್ಷ್ಮಮ್ಮ ಹೋಗಿ ಮುಟ್ಟಿದಳು. ಮೈ ಕಾದ ಹೆಂಚಿನ ಹಾಗಿತ್ತು, ಚರ್ಮ ಒಣಗಿತ್ತು. ಬೆವರಿನ ಒಂದು ಹನಿಯೂ ಇರಲಿಲ್ಲ. ಬಿಸಿಲು ಬಡಿದ ಮನುಷ್ಯನಿಗೆ ಬೆವರು ಹರಿಯುತ್ತಿದ್ದರೆ ಅಷ್ಟು ಭಯವಿಲ್ಲ; ಬೆವರು ನಿಂತರೆ ಮೈ ತನ್ನನ್ನು ತಾನು ತಣಿಸಿಕೊಳ್ಳುವುದನ್ನು ಬಿಟ್ಟಿದೆ ಎಂದೇ ಅರ್ಥ. ಇಷ್ಟು ಬೇಸಿಗೆ ದಾರಿ ಕಾದ ಆಕೆಗೆ ಅದು ಗೊತ್ತಿತ್ತು.

ಮರದ ಆ ಬದಿಯಲ್ಲಿ ಬೈಕು ನಿಲ್ಲಿಸಿಕೊಂಡು ಮೂವರು ಯುವಕರು ಕೂತಿದ್ದರು. ನೀರಿಗಲ್ಲ, ನೆರಳಿಗೆ ಬಂದವರು.

"ಬರ್ರಪ್ಪ! ಇವ್ನನ್ನ ಎತ್ತಿ ಒಳಕ್ಕೆ ಹಾಕಾಣ ಬರ್ರಿ!"

ಅವರು ಎದ್ದರು. ಆದರೆ ಮುದುಕನನ್ನು ನೋಡಲಿಲ್ಲ, ಮರದ ಕವಲುಗಳನ್ನು ನೋಡಿದರು. "ಕ್ಯಾಮೆರಾ ಎಲ್ಲಿಟ್ಟವ್ರೆ?" ಎಂದ ಒಬ್ಬ.

"ತಾತಂದು ಆಕ್ಟಿಂಗ್ ಚೆನ್ನಾಗೈತೆ ಗುರು," ಎಂದ ಇನ್ನೊಬ್ಬ. ಮೂರನೆಯವನು ಫೋನು ಎತ್ತಿ ಹಿಡಿದ.

"ನಿಜ ಕಣ್ರಪ್ಪ! ಇದು ನಿಜ!"

"ಅವತ್ತೂ ನಿಜಾನೇ ಇತ್ತಲ್ಲಜ್ಜಿ."

ಆಕೆ ಒಬ್ಬಳೇ ಮುದುಕನ ಕಂಕುಳಿಗೆ ಕೈ ಹಾಕಿ ಚಪ್ಪರದೊಳಕ್ಕೆ ಎಳೆದಳು. ಕೈಗೆ ಮೊದಲು ಸಿಕ್ಕಿದ ಬಾಟಲಿಯನ್ನು ಕಿತ್ತು, ಅದರಲ್ಲಿದ್ದಷ್ಟನ್ನೂ ಅವನ ನೆತ್ತಿಗೆ, ಕುತ್ತಿಗೆಗೆ, ಎದೆಗೆ ಸುರಿದಳು. ಮುದುಕ ಕಣ್ಣು ಬಿಟ್ಟ. ಗುಡಾಣಕ್ಕೆ ಸೌಟು ಅದ್ದಿ, ಲೋಟ ತುಂಬಿ, ಅವನ ತುಟಿಗೆ ಹಿಡಿದಳು.

ಅವನು ಗುಡಾಣ ನೋಡಿದ, ತೇಲುತ್ತಿದ್ದ ಬೇರಿನ ಗಂಟು ನೋಡಿದ, ಆಕೆಯ ಮುಖ ನೋಡಿದ. ಗುರುತು ಹಿಡಿದ. ಒಣಗಿದ ಕೈಯಿಂದ ಲೋಟ ತಳ್ಳಿದ.

"ವದ್ದಮ್ಮಾ... ಈ ನೀಳ್ಳು ವದ್ದು." ಅವನ ಊರಿನ ಕಡೆ ಮಾತು ತೆಲುಗೇ. ಈ ನೀರು ಬೇಡ ಎನ್ನುತ್ತಿದ್ದ. "ಫೋನುಲೋ ಚೂಸ್ತಿ... ವದ್ದು."

"ಫೋನಲ್ಲಿ ನೋಡಿದ್ದು ಸುಳ್ಳು ಕಣಪ್ಪ, ಕುಡಿ! ಕುಡೀದಿದ್ರೆ ಉಳಿಯಲ್ಲ ನೀನು!"

ಮುದುಕ ಕಂಬಕ್ಕೆ ಒರಗಿ ಉಸಿರೆಳೆದ. ಉಸಿರು ಸೀಳು ಸೀಳಾಗಿ ಬರುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ, ಅಂಗಲಾಚುವವನ ಹಾಗೆ, "ಮುಂದು ನುವ್ವು ತಾಗು" ಎಂದ. ಮೊದಲು ನೀನು ಕುಡಿ.

ಬಾಟಲಿ ಖಾಲಿಯಾಗಿ ಕಾಲ ಬಳಿ ಬಿದ್ದಿತ್ತು. ಊರಿಗೆ ಹೋಗಿ ಬೇರೆ ನೀರು ತರುವಷ್ಟು ಹೊತ್ತಿರಲಿಲ್ಲ. ಆ ಬದಿಯಲ್ಲಿ ಯುವಕನ ಫೋನು ಅಲುಗದೆ ಈ ಕಡೆಗೇ ನೋಡುತ್ತಿತ್ತು.

ರಾಜಲಕ್ಷ್ಮಮ್ಮ ಲೋಟ ಎತ್ತಿ ಕುಡಿದಳು.

ಇಷ್ಟು ವರ್ಷ ಆ ನೀರನ್ನು ಎರಡೂ ಕೈಯಿಂದ ಹಂಚಿದ್ದಳು. ಅದರ ರುಚಿ ಹೇಗಿರುತ್ತದೆಂದು ಆಕೆಗೆ ಗೊತ್ತಿರಲಿಲ್ಲ. ಹೊಸ ಮಣ್ಣಿನ ವಾಸನೆ ಮೊದಲು, ಆಮೇಲೆ ಲಾವಂಚ, ಆಮೇಲೆ ಗಂಟಲಿನಿಂದ ಎದೆಯವರೆಗೂ ಇಳಿಯುವ ತಂಪು. ಬಹಳ ಚೆನ್ನಾಗಿತ್ತು. ಕಣ್ಣಲ್ಲಿ ನೀರು ಬಂತು. ಲೋಟದಲ್ಲಿ ಉಳಿದದ್ದನ್ನು ಮುದುಕನ ಬಾಯಿಗೆ ಹಿಡಿದಳು. ಅವನು ಕುಡಿದ. ಇನ್ನೊಂದು ಲೋಟ ಕುಡಿದ, ಮತ್ತೊಂದು ಕುಡಿದ.

ಬಸ್ಸಿನ ಸದ್ದು ಕೇಳಿಸಿದಾಗ ಆಕೆ ರಸ್ತೆಯ ನಡುವೆ ಹೋಗಿ ನಿಂತುಬಿಟ್ಟಳು. ಬೈಲಪ್ಪ ಬ್ರೇಕ್ ಒತ್ತಿದ. ಒಂದು ಕ್ಷಣ ಅವನ ಕಣ್ಣೂ ಮರದ ಕವಲಿನ ಕಡೆ ಹೋಯಿತು. ಆದರೆ ಇಳಿದು ಬಂದು ಮುದುಕನ ಮೈ ಮುಟ್ಟಿದ ಮೇಲೆ ಹೆಗಲು ಕೊಟ್ಟು ಹತ್ತಿಸಿಕೊಂಡು, ಎಲ್ಲೂ ನಿಲ್ಲಿಸದೆ ಶಿರಾ ಆಸ್ಪತ್ರೆಗೆ ಓಡಿಸಿದ.

ತಿಮ್ಮರಾಯಪ್ಪ ಉಳಿದ. ಅವನ ಮಗ ಬಂದು, ಮರದ ಬುಡದಲ್ಲಿ ಒಂದು ತೆಂಗಿನಕಾಯಿ ಇಟ್ಟು ಕೈಮುಗಿದು ಹೋದ.

ಬೈಕಿನವರು ತೆಗೆದ ವಿಡಿಯೋ ಅದಕ್ಕಿಂತ ಮೊದಲೇ ಎಲ್ಲ ಕಡೆ ಮುಟ್ಟಿತ್ತು. 'ಕೊನೆಗೂ ಕುಡಿದಳು ಅಜ್ಜಿ' ಎಂದು ಯಾರೋ ಹೆಸರಿಟ್ಟಿದ್ದರು. ಚೇತನ್ ಅದನ್ನು ತನ್ನ ಚಾನೆಲ್ಲಿಗೂ ಹಾಕಿಕೊಂಡ, 'ಭಾಗ ಮೂರು' ಎಂದು. ಕೆಲವರು ನಂಬಿದರು. ಮುದುಕನಿಗೆ ಎಷ್ಟು ಕೊಟ್ಟರೋ ಎಂದು ಕೆಲವರು ಕೇಳಿದರು. ನೀರು ಬದಲಾಯಿಸಿರಬೇಕು ಎಂದರು ಇನ್ನು ಕೆಲವರು. ಅಂತೂ ನೋಡಬೇಕೆಂದಾದರೂ ಜನ ಬಂದರು. ಬಸ್ಸು ಮತ್ತೆ ನಿಂತಿತು. ಲಾರಿಗಳೂ ನಿಂತವು.

ಮೊದಲು ಬಂದವನು ಲೋಟ ತೆಗೆದುಕೊಂಡು, ಹಲ್ಲು ಕಿರಿದು, "ಅಜ್ಜಿ, ಮೊದ್ಲು ನೀನು" ಎಂದ. ತಮಾಷೆಗೆ ಅಂದಿದ್ದ. ಆಕೆ ಒಂದು ಗುಟುಕು ಕುಡಿದು ಕೊಟ್ಟಳು. ಅವನ ಹಿಂದಿದ್ದವನೂ ಹಾಗೆಯೇ ಕೇಳಿದ. ಅವನು ನಗಲಿಲ್ಲ. ಅವನ ಹಿಂದೆ ಮಗುವನ್ನು ಎತ್ತಿಕೊಂಡಿದ್ದ ತಾಯಿ ಬಾಯಿಬಿಟ್ಟು ಕೇಳಲೂ ಇಲ್ಲ, ಲೋಟ ಹಿಡಿದು ಸುಮ್ಮನೆ ಕಾದಳು.

ಅಲ್ಲಿಂದ ಅದೇ ಕ್ರಮವಾಯಿತು. ತುಂಬುವುದು, ತಾನು ಒಂದು ಗುಟುಕು ಕುಡಿಯುವುದು, ಕೊಡುವುದು. ಕುಡಿಯುವಾಗ ಎದುರಿನ ಫೋನುಗಳು ಮೇಲೇಳುತ್ತಿದ್ದವು, ನುಂಗಿದ್ದು ಕಂಡ ಮೇಲೆ ಕೆಳಗಿಳಿಯುತ್ತಿದ್ದವು. ಬೈಲಪ್ಪ ಒಬ್ಬ ಮಾತ್ರ ಹಾಗೆಯೇ ಎತ್ತಿ ಕುಡಿದ. ಆದರೆ ಅವನೂ ಈಗ ಫ್ರಿಜ್ಜು ಒಲೆ ಎಂದು ತಮಾಷೆ ಮಾಡಲಿಲ್ಲ. ಬಾಟಲಿ ತರುವುದನ್ನು ರಾಜಲಕ್ಷ್ಮಮ್ಮ ಬಿಟ್ಟುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ನೀರಿನಿಂದಲೇ ಬಿಗಿದುಕೊಂಡು ಊಟ ಸೇರುತ್ತಿರಲಿಲ್ಲ. ಒಂದೊಂದು ಗುಟುಕಿಗೂ ಅತ್ತೆಯ ಅಂಗೈಯಿಂದ ನೆಲಕ್ಕೆ ಬೀಳುತ್ತಿದ್ದ ನೀರು ನೆನಪಾಗುತ್ತಿತ್ತು. ಗುಡಾಣ ದಿನವೂ ಖಾಲಿಯಾಗುತ್ತಿತ್ತು.

ಕೃತ್ತಿಕೆ ಮಳೆ ಇನ್ನೂ ಬಂದಿರಲಿಲ್ಲ. ಒಂದು ದಿನ ನೀರು ಬೇಗ ಮುಗಿದು, ಮೂಡಲಗಿರಿಯಪ್ಪ ಉರಿಬಿಸಿಲಿನಲ್ಲಿ ಎರಡನೆಯ ಸಲ ಕ್ಯಾನು ಹೇರಿಕೊಂಡು ಬಂದ. ತಾನೇ ಕೈಯಾರೆ ಘಟಕದ ನಲ್ಲಿಗೆ ಹಿಡಿದು ತುಂಬಿಸಿದ ನೀರು. ತಾನೇ ಹೊತ್ತು ಗುಡಾಣಕ್ಕೆ ಬಗ್ಗಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿಯ ಪಕ್ಕದಲ್ಲಿ ಕುಕ್ಕರಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಇನ್ನೇನು, ನೀನೇ ಕುಡ್ದಾಯ್ತಲ್ಲ. ನಂಗೂ ಒಂದು ಲೋಟ ಕೊಡೇ."

ಆಕೆ ಸೌಟು ಅದ್ದಿ, ಲೋಟ ತುಂಬಿ ಕೊಟ್ಟಳು. ಅವನು ತುಟಿಯ ಹತ್ತಿರ ತಂದ. ಅಲ್ಲೇ ನಿಲ್ಲಿಸಿದ. ಲೋಟದೊಳಗೆ ಒಮ್ಮೆ ನೋಡಿದ. ಆಮೇಲೆ ಆಕೆಯನ್ನು ನೋಡಿದ.

ರಾಜಲಕ್ಷ್ಮಮ್ಮ ಗಂಡನ ಕೈಯಿಂದ ಲೋಟ ತೆಗೆದುಕೊಂಡು, ಒಂದು ಗುಟುಕು ಕುಡಿದು, ಅವನಿಗೆ ವಾಪಸ್ಸು ಕೊಟ್ಟಳು.